ಹೊಸ ಡಾಕ್ಟರುಗಳಿಗೆ ಮಾಟುಂಗದ ಈ ಆಡಿಟರ್ ಸಾಕು, ಫೋನ್ ಮಾತ್ರ ಎತ್ತಲ್ಲ

ಎಂಡಿ ಮುಗಿಸಿ ಏಪ್ರಿಲ್‌ನಲ್ಲಿ ಮುಂಬೈನ ಒಂದು ಖಾಸಗಿ ಆಸ್ಪತ್ರೆಗೆ ಸೇರಿದೆ. ತಿಂಗಳಿಗೆ 1,10,000 ಅಂತ ಮಾತಾಗಿತ್ತು, ಖಾತೆಗೆ ಬಂದಿದ್ದು 99,000. ಕೇಳಿದರೆ "ಟಿಡಿಎಸ್, ಡಾಕ್ಟರ್" ಅಂದರು. ಅಂದರೆ ದುಡ್ಡು ಕೊಡೋ ಮುಂಚೆಯೇ ಹಿಡಿದು ಸರ್ಕಾರಕ್ಕೆ ಕಟ್ಟೋ ತೆರಿಗೆ. ನಾನೂ ಸುಮ್ಮನಾದೆ. ಹತ್ತು ತಿಂಗಳಾದ ಮೇಲೆ ದಾವಣಗೆರೆಯಿಂದ ಅಪ್ಪ ಫೋನ್ ಮಾಡಿ "ಪಿಎಫ್ ಎಷ್ಟಾಯ್ತವ್ವಾ?" ಅಂತ ಕೇಳಿದರು ನೋಡಿ, ಪಿಎಫ್ಫೇ ಇಲ್ಲ ಅಂತ ಆಗ ಗೊತ್ತಾಯಿತು.

ಸೀನಿಯರ್ ಒಬ್ಬರು ಈ ಆಡಿಟರ್ ಹತ್ತಿರ ಕಳಿಸಿದರು. ಕಿಂಗ್ಸ್ ಸರ್ಕಲ್ ಸ್ಟೇಷನ್ನಿಂದ ನಡೆದೇ ಹೋಗಬಹುದು. ಹಳೇ ಕಟ್ಟಡ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಉಡುಪಿ ಕಡೆಯವರು. ಈಗಿರೋ ಫೈಲುಗಳೇ ಜಾಸ್ತಿ, ಹೆಸರು ಎಲ್ಲೂ ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಹಾಕಿಲ್ಲ.

ಅವರು ಮೊದಲು ಕೇಳಿದ್ದು ಆಸ್ಪತ್ರೆಯ ಕರಾರುಪತ್ರ. ಅದನ್ನು ನಾನೇ ಸರಿಯಾಗಿ ಓದಿರಲಿಲ್ಲ! ಅರ್ಧ ಗಂಟೆ ಓದಿ, ನನ್ನ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ (26ಎಎಸ್) ತೆಗೆದು, "ಇದು ಸಂಬಳ ಅಲ್ಲ ಮಾರಾಯ್ರೆ, ಫೀಸು" ಅಂದರು. ಆಸ್ಪತ್ರೆ 1961ರ ಆದಾಯ ತೆರಿಗೆ ಕಾಯ್ದೆಯ 194ಜೆ (ವೃತ್ತಿಯವರ ಫೀಸಿನ ಕಲಮು) ಅಡಿ 10% ಹಿಡಿಯುತ್ತಿತ್ತು. ಅಂದರೆ ಕಾನೂನಿನ ಲೆಕ್ಕದಲ್ಲಿ ನಾನು ಸ್ವಂತ ವೃತ್ತಿಯವಳು. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಆದರೆ ಅದೇ ಕಾಯ್ದೆಯ 44ಎಡಿಎ ಕಲಮು ಇದೆ. ಬಂದ ಫೀಸಿನ ಅರ್ಧವನ್ನು ಆದಾಯ ಅಂತ ತೋರಿಸಿದರೆ ಲೆಕ್ಕದ ಪುಸ್ತಕ ಇಡಬೇಕಿಲ್ಲ. ನನ್ನದು ವರ್ಷಕ್ಕೆ 13.2 ಲಕ್ಷ, ಅರ್ಧ 6.6 ಲಕ್ಷ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ಕಡಿತಗಳೂ ಕಡಿಮೆ) 12 ಲಕ್ಷದ ಆದಾಯದವರೆಗೆ ರಿಬೇಟ್, ಅಂದರೆ ತೆರಿಗೆ ಮಾಫಿ, ಇರೋದರಿಂದ ತೆರಿಗೆ ಸೊನ್ನೆ. ಹಿಡಿದಿದ್ದ 1,32,000 ಪೂರ್ತಿ ರಿಟರ್ನ್ ಹಾಕಿದ ಮೇಲೆ ವಾಪಸ್ ಬರಬೇಕಾದ ದುಡ್ಡು. ನಾನದನ್ನು ಹೋಯಿತು ಅಂತ ಬಿಟ್ಟಿದ್ದೆ.

ನನಗೆ ನಂಬಿಕೆ ಬಂದಿದ್ದು ಮಾತ್ರ ಬೇರೆ ಕಾರಣಕ್ಕೆ. ಗೆಳತಿಯೂ ಜೊತೆಗೆ ಬಂದಿದ್ದಳು, ಅವಳಿಗೆ ಆಸ್ಪತ್ರೆ ಸಂಬಳದವರಿಗೆ ಕೊಡೋ ತೆರಿಗೆ ಪತ್ರ ಫಾರ್ಮ್ 16 ಕೊಡುತ್ತದೆ, ಪಿಎಫ್ ಇದೆ, ರಜೆ ಇದೆ. "ನನಗೂ ಅರ್ಧ ಮಾಡಿಕೊಡಿ ಸಾರ್" ಅಂದಳು. "ನಿಮ್ಮದು ಸಂಬಳ, ಆಗುದಿಲ್ಲ" ಅಂತ ಅಲ್ಲೇ ಮುಗಿಸಿದರು. ಹೊರಗೆ ಸುಮ್ನೆ ಮಾಡಿಕೊಡೋರು ಸಿಗ್ತಾರೆ. ನೋಟಿಸು ಬಂದಾಗ ಅವರು ಸಿಗಲ್ಲ, ಅಲ್ವಾ?

ನನ್ನ ಖಾತೆ ಇರುವ ಬ್ಯಾಂಕಿನವರು "ತೆರಿಗೆ ಉಳಿಯುತ್ತೆ" ಅಂತ ಯುಲಿಪ್ (ವಿಮೆ, ಹೂಡಿಕೆ ಎರಡೂ ಸೇರಿದ ಪಾಲಿಸಿ) ಮಾರಿದ್ದರು, ವರ್ಷಕ್ಕೆ ಒಂದು ಲಕ್ಷ. ಹೊಸ ಪದ್ಧತಿಯಲ್ಲಿ ವಿಮೆ, ಉಳಿತಾಯಕ್ಕೆ ಕೊಡೋ 80ಸಿ ಕಡಿತವೇ ಸಿಗಲ್ಲ! ಐದು ವರ್ಷ ದುಡ್ಡು ತೆಗೆಯೋ ಹಾಗೂ ಇಲ್ಲ. ಆಡಿಟರ್ ಕಾಗದ ನೋಡಿ ನಕ್ಕರು, ಬೈದಿದ್ದರೇ ವಾಸಿಯಿತ್ತು.

ಪಿಂಚಣಿ ವಿಷಯದಲ್ಲಿ ಅವರು ನನಗೆ ಹಾಕಿಕೊಟ್ಟ ದಾರಿ ಇಷ್ಟೇ. ಮೊದಲು ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ, ಟರ್ಮ್ ಇನ್ಶೂರೆನ್ಸ್ ಮತ್ತು ರೋಗಿಗಳು ಕೇಸು ಹಾಕಿದರೆ ಬೇಕಾಗುವ ಇಂಡೆಮ್ನಿಟಿ ಪಾಲಿಸಿ ಮಾಡಿಸಿ, ಆಮೇಲೆ ಸರ್ಕಾರದ ಉಳಿತಾಯ ಯೋಜನೆ ಪಿಪಿಎಫ್. ಅದು 15 ವರ್ಷದ್ದು, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಪಿಂಚಣಿ ಯೋಜನೆ ಎನ್‌ಪಿಎಸ್‌ಗೆ ನಾವೇ ಹಾಕಿದರೆ ಹೊಸ ಪದ್ಧತಿಯಲ್ಲಿ ಕಡಿತವಿಲ್ಲ, ಆದರೂ ಸ್ವಲ್ಪ ಹಾಕಿ ಅಂದರು. ಅದು ನನಗಿನ್ನೂ ಒಪ್ಪಿಗೆಯಾಗಿಲ್ಲ. ಮಹಾರಾಷ್ಟ್ರದ ವೃತ್ತಿ ತೆರಿಗೆ, ವರ್ಷಕ್ಕೆ 2,500, ಅದರ ನೋಂದಣಿಯನ್ನೂ ಅವರೇ ಮಾಡಿಸಿದರು.

ದೂರುಗಳೂ ಇವೆ. ಫೋನ್ ಎತ್ತಲ್ಲ, ವಾಟ್ಸಾಪ್‌ಗೆ ಮೂರು ದಿನವಾದರೂ ಉತ್ತರವಿಲ್ಲ. ಡ್ಯೂಟಿ ಮುಗಿಸಿ ಓಡಿ ಹೋದರೆ ಬಾಗಿಲು ಹಾಕಿರುತ್ತೆ. ಫೀಸು 3,500, ಯುಪಿಐ ಇದೆ, ರಸೀದಿ ಕೇಳಿದರೆ ಮಾತ್ರ ಕೊಡ್ತಾರೆ. ಇದೊಂದು ತಮಾಷೆ.

ಹೋಗೋದಾದರೆ ಮಾರ್ಚ್ 15ರ ಮುಂಚೆ ಹೋಗಿ. ಸಂಜೆ ಬೇರೆ ಕ್ಲಿನಿಕ್ಕಿನಲ್ಲಿ ಕೂತು ಆದಾಯ ಏರಿಸಿಕೊಂಡಿದ್ದು, ಟಿಡಿಎಸ್ ಕಳೆದ ಮೇಲೂ 10,000 ಅಥವಾ ಹೆಚ್ಚು ತೆರಿಗೆ ಕಟ್ಟೋ ಹಾಗಾದರೆ, ಹೀಗೆ ಅರ್ಧ ಆದಾಯ ತೋರಿಸೋರು ಆ ವರ್ಷದ ಪೂರ್ತಿ ಅಡ್ವಾನ್ಸ್ ಟ್ಯಾಕ್ಸ್, ಅಂದರೆ ಮುಂಗಡ ತೆರಿಗೆ, ಆ ದಿನದೊಳಗೇ ಕಟ್ಟಬೇಕು. ಕರಾರುಪತ್ರ ಮರೆಯಬೇಡಿ, ಶನಿವಾರ ಬೆಳಿಗ್ಗೆ ಹೋಗಿ, ಕಾಫಿ ಕುಡಿದೇ ಮೆಟ್ಟಿಲು ಹತ್ತಿ. ಅಲ್ಲಿ ನೀರು ಕೂಡ ಕೊಡಲ್ಲ.