ಹೊಸ ಬ್ರೇಕ್ ಪ್ಯಾಡ್ ಅಂತ ಬಿಲ್ ಮಾಡಿ ಹಳೆಯದನ್ನೇ ಉಜ್ಜಿ ಹಾಕಿದ್ದರು, ಹುಷಾರಾಗಿರಿ

ಬೈಕ್ ಓಡಿಸುವವರು ದಯವಿಟ್ಟು ಪೂರ್ತಿ ಓದಿ. ದುಡ್ಡು ಹೋಯ್ತು, ಅದು ಬೇರೆ ಮಾತು. ಸರಿಯಾಗಿ ಹಿಡಿಯದ ಬ್ರೇಕ್ ಇಟ್ಟುಕೊಂಡು ಮೂರು ವಾರ ಮಗಳನ್ನು ಹಿಂದೆ ಕೂರಿಸಿಕೊಂಡು ಓಡಾಡಿದ್ದೇನೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಹಿಂದಿನ ಡಿಸ್ಕ್ ಬ್ರೇಕ್ ಮೆತ್ತಗಾಗಿತ್ತು. ಪೆಡಲ್ ಒತ್ತಿದರೆ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತಿತ್ತು, ಗಾಡಿ ಮಾತ್ರ ನಿಲ್ಲುತ್ತಿರಲಿಲ್ಲ. ಗ್ಯಾರೇಜಿಗೆ ಕೊಟ್ಟೆ. ಸಂಜೆ ಬಿಲ್ಲಿನಲ್ಲಿ ಹೊಸ ಪ್ಯಾಡ್ (ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಜೋಡಿ), ಬ್ರೇಕ್ ಆಯಿಲ್, ಲೇಬರ್. "ಹಳೇ ಪ್ಯಾಡ್ ಎಲ್ಲಿ?" ಅಂತ ಕೇಳಿದೆ. "ಕಸಕ್ಕೆ ಹಾಕಿಬಿಟ್ವಿ ಸಾರ್, ಪೂರ್ತಿ ಸವೆದುಹೋಗಿತ್ತು" ಅಂದರು. ಅಲ್ಲೇ ನಾನು ಗಟ್ಟಿಯಾಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ದುಡ್ಡು ಕೊಟ್ಟು ಬಂದೆ.

ಬ್ರೇಕ್ ಹಾಗೇ ಇತ್ತು. ಎರಡು ದಿನ ಬಿಟ್ಟು ವಾಪಸ್ ಹೋದೆ. "ಹೊಸ ಪ್ಯಾಡ್ ಅಲ್ವಾ ಸಾರ್, ಡಿಸ್ಕಿಗೆ ಕೂರಬೇಕು. ಸ್ವಲ್ಪ ಓಡಿಸಿ." ಹೊಸ ಪ್ಯಾಡ್ ಹೊಂದಿಕೊಳ್ಳಲು ಸ್ವಲ್ಪ ಓಡಬೇಕು ಅನ್ನುವುದು ನಿಜವೇ. ಅದಕ್ಕೇ ನಂಬಿದೆ. ಇನ್ನೊಂದು ವಾರ ಬಿಟ್ಟು ಹೋದರೆ, "ಹಿಂದಿನ ಬ್ರೇಕ್ ಅಷ್ಟೇ ಸಾರ್, ಮುಂದಿನದ್ದೇ ಜಾಸ್ತಿ ಹಿಡಿಯೋದು." ಇದೂ ಅರ್ಧ ಸತ್ಯ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಹೋಗುತ್ತದೆ, ಮುಂದಿನ ಚಕ್ರಕ್ಕೇ ಹೆಚ್ಚು ಕೆಲಸ. ಆದರೆ ಪೆಡಲ್ ಮೆತ್ತಗಾಗುವುದಕ್ಕೂ ಅದಕ್ಕೂ ಏನು ಸಂಬಂಧ? ನನಗೆ ಆಗ ಹೊಳೆಯಲೇ ಇಲ್ಲ. ಮೂರನೇ ಸಲ ಹೇಳಿದ್ದು: "ಮಾಸ್ಟರ್ ಸಿಲಿಂಡರ್ ಹೋಗಿದೆ, ಅದನ್ನೂ ಹಾಕಿಸಿಬಿಡಿ." ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಭಾಗ ಅದು.

ಅವತ್ತು ಗಾಡಿ ಬಿಡಲಿಲ್ಲ. ಕೆಲಸ ಗೊತ್ತಿರುವ ಗೆಳೆಯನ ಮನೆಗೆ ಹೋದೆ. ಅವನು ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಬಿಚ್ಚಿ, ಎರಡೂ ಪ್ಯಾಡ್ ತೆಗೆದು ನನ್ನ ಅಂಗೈ ಮೇಲೆ ಅಕ್ಕಪಕ್ಕ ಇಟ್ಟ. ಒಂದು ದಪ್ಪ. ಇನ್ನೊಂದು ಅದರ ಅರ್ಧವೂ ಇಲ್ಲ. ಮೂರು ವಾರದ ಹಿಂದೆ ಹಾಕಿದ ಹೊಸ ಜೋಡಿ ಹೀಗಿರುತ್ತಾ? ಡಿಸ್ಕ್ ತಾಗದ ಅಂಚಿನಲ್ಲಿ ಉಜ್ಜುಕಾಗದದ ಗೀರು ಹಾಗೇ ಕಾಣುತ್ತಿತ್ತು. ಹಿಂಬದಿಯ ತಗಡಿಗೆ ಕಪ್ಪು ಬಣ್ಣ ಹೊಡೆದಿದ್ದರು. ಉಗುರಿನಿಂದ ಕೆರೆದೆ. ಕೆಳಗೆ ತುಕ್ಕು. ನನ್ನದೇ ಹಳೇ ಪ್ಯಾಡ್! ಕಸಕ್ಕೆ ಹಾಕಿದ್ದೀವಿ ಅಂದ ಅದೇ ಪ್ಯಾಡ್! ಗೆಳೆಯ ಏನೂ ಮಾತಾಡಲಿಲ್ಲ. ನನಗೆ ಅವನ ಮುಖ ನೋಡಲು ನಾಚಿಕೆಯಾಯಿತು.

ಬ್ರೇಕ್ ಆಯಿಲ್ ಕೂಡ ಬದಲಾಯಿಸಿರಲಿಲ್ಲ. ಹೊಸದು ತಿಳಿ ಹಳದಿ ಇರುತ್ತದೆ, ನನ್ನದು ಕಡು ಕಂದು. ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ತೇವ ಹಿಡಿದ ಮೇಲೆ 155ಕ್ಕೂ ಇಳಿಯಬಹುದು. ಉದ್ದ ಇಳಿಜಾರಿನಲ್ಲಿ ಆಯಿಲ್ ಕುದ್ದರೆ ಆವಿಯ ಗುಳ್ಳೆ ಎದ್ದು ಪೆಡಲ್ ನೆಲಕ್ಕೇ ಹೋಗುತ್ತದೆ. ಮಗಳು ಹಿಂದೆ ಕೂತಿದ್ದಳು ಅಂದೆನಲ್ಲ.

ಮೂಲ ತೊಂದರೆ ಕ್ಯಾಲಿಪರ್ ಜಾರುವ ಪಿನ್ನಿನಲ್ಲಿತ್ತು. ಒಂದು ಒಣಗಿ ಕಚ್ಚಿಕೊಂಡಿತ್ತು, ಅದಕ್ಕೇ ಒಂದೇ ಕಡೆ ಸವೆದಿದ್ದು. ಗೆಳೆಯ ಪಿನ್ ತೊಳೆದು ಸಿಲಿಕೋನ್ ಗ್ರೀಸ್ ಹಚ್ಚಿ, ಹೊಸ ಪ್ಯಾಡ್ ಹಾಕಿ, ಹೊಸ ಆಯಿಲ್ ತುಂಬಿ, ಗುಳ್ಳೆ ಬರುವುದು ನಿಲ್ಲುವವರೆಗೆ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಮಾಸ್ಟರ್ ಸಿಲಿಂಡರಿಗೆ ಏನೂ ಆಗಿರಲಿಲ್ಲ.

ಗ್ಯಾರೇಜಿಗೆ ಫೋನ್ ಮಾಡಿದೆ. "ನಾವು ಹೊಸದೇ ಹಾಕಿದ್ದು. ನೀವು ಬೇರೆ ಕಡೆ ಬಿಚ್ಚಿಸಿದ್ದೀರಿ, ಇನ್ನು ನಮಗೆ ಸಂಬಂಧ ಇಲ್ಲ." ಫೋಟೋ ಕಳಿಸಿದೆ. ಆಮೇಲೆ ರಾಗ ಬದಲಾಯಿತು: "ಹುಡುಗ ಏನೋ ಮಾಡಿರಬೇಕು ಸಾರ್, ನೋಡ್ತೀನಿ." ಆವತ್ತಿನಿಂದ ಫೋನ್ ಎತ್ತುತ್ತಿಲ್ಲ. ಹುಡುಗನ ಮೇಲೆ ಹಾಕಿದರೆ ಮುಗಿಯಿತಾ? ಬಿಲ್ ಬರೆದದ್ದು ಯಾರು?

ಹಳೇ ಪ್ಯಾಡ್ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. ಹೊಸ ಡಬ್ಬಿ, ಆಯಿಲ್ ಬಾಟಲಿ ಎರಡನ್ನೂ ನಿಮ್ಮ ಕಣ್ಣೆದುರೇ ಒಡೆಸಿ. ಎಷ್ಟೇ ಪರಿಚಯದ ಗ್ಯಾರೇಜ್ ಆಗಿರಲಿ, ಪಕ್ಕದಲ್ಲೇ ನಿಂತು ನೋಡಿ. ನಾನು ಆರು ವರ್ಷದಿಂದ ಅಲ್ಲಿಗೇ ಹೋಗುತ್ತಿದ್ದವನು.

ಆ ಎರಡು ಪ್ಯಾಡ್ ಕವರಿನಲ್ಲಿ ಕಟ್ಟಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಬೇರೆ ಗಿರಾಕಿಗಳು ಇರುವಾಗಲೇ ಹೋಗಿ ಅವರ ಮೇಜಿನ ಮೇಲೆ ಇಡುತ್ತೇನೆ.