ಯುಎಸ್‌ಬಿ ಆಡಿಯೋ ಬೋರ್ಡಿನ ದೋಷ ಹುಡುಕಲು ಲಾಜಿಕ್ ಅನಲೈಜರೋ, ಆಸಿಲೋಸ್ಕೋಪೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಸ್ಕೋಪಿಗೆ, ಅಂದರೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿಗೆ. ಆದರೆ ನಾನು ಮೊದಲು ಕೊಂಡದ್ದು ಸಿಗ್ನಲ್ಲನ್ನು ಬರೀ ಸೊನ್ನೆ ಒಂದುಗಳಾಗಿ ದಾಖಲಿಸುವ ಲಾಜಿಕ್ ಅನಲೈಜರ್. ಯುಎಸ್‌ಬಿ ಅಂದರೆ ಡಿಜಿಟಲ್ ತಾನೇ, ಸೊನ್ನೆ ಒಂದು ಕಂಡರೆ ಸಾಕು ಅಂದುಕೊಂಡಿದ್ದೆ. ಎರಡು ವಾರದ ರಾತ್ರಿಗಳು ಅದರಲ್ಲೇ ಕಳೆದವು.

ಬೋರ್ಡು ಸಣ್ಣದು. ಯುಎಸ್‌ಬಿಯಲ್ಲಿ ಬಂದ ಡೇಟಾವನ್ನು ಸದ್ದಾಗಿಸುವ ಪಿಸಿಎಂ2704 ಚಿಪ್, ಅದಕ್ಕೆ ಲಯ ಕೊಡುವ 12 ಮೆಗಾಹರ್ಟ್ಸ್ ಕ್ರಿಸ್ಟಲ್, ಒಂದು ಯುಎಸ್‌ಬಿ ಕನೆಕ್ಟರ್, ಒಂದು ಹೆಡ್‌ಫೋನ್ ಜ್ಯಾಕ್. ಅದಕ್ಕೆ ಎರಡು ಕಾಯಿಲೆ. ಮೊದಲನೆಯದು, ಕಂಪ್ಯೂಟರ್ ಅದನ್ನು ಗುರುತಿಸುತ್ತಲೇ ಇರಲಿಲ್ಲ. ಅದು ವಾಸಿಯಾದ ಮೇಲೆ ಕಾಣಿಸಿಕೊಂಡದ್ದು ಎರಡನೆಯದು: ಹಾಡಿನ ಹಿಂದೆ ಒಂದೇ ಶ್ರುತಿಯಲ್ಲಿ ಬಿಡದೆ ಕೇಳುವ 'ಕುಂಯ್' ಸದ್ದು.

ಮೊದಲ ಕಾಯಿಲೆಗೆ ಲಾಜಿಕ್ ಅನಲೈಜರ್ ಹಿಡಿದು ಕೂತೆ. ನನ್ನದು ಎಂಟು ಚಾನೆಲ್ಲಿನ, ಸೆಕೆಂಡಿಗೆ 2.4 ಕೋಟಿ ಸ್ಯಾಂಪಲ್ ತೆಗೆಯುವ ಅಗ್ಗದ ಮಾದರಿ. ಫುಲ್ ಸ್ಪೀಡ್ ಯುಎಸ್‌ಬಿ ಓಡುವುದು ಸೆಕೆಂಡಿಗೆ 1.2 ಕೋಟಿ ಬಿಟ್ ವೇಗದಲ್ಲಿ. ಅಂದರೆ ಒಂದು ಬಿಟ್ಟಿಗೆ ಸಿಗುವುದು ಎರಡೇ ಸ್ಯಾಂಪಲ್. ಅನಲೈಜರಿನ ದಾಖಲೆ ಓದುವ ಪಲ್ಸ್‌ವ್ಯೂ ತಂತ್ರಾಂಶದಲ್ಲಿ ಸಾಲುಸಾಲಾಗಿ ದೋಷ ಕಾಣಿಸಿದಾಗ ಬೋರ್ಡೇ ತಪ್ಪು ಡೇಟಾ ಕಳಿಸುತ್ತಿದೆ ಅಂತ ನಂಬಿದ್ದೆ. ನಿಜಕ್ಕೂ ಸೋಲುತ್ತಿದ್ದದ್ದು ಉಪಕರಣ.

ಆ ಕಾಯಿಲೆ ಪತ್ತೆಯಾದದ್ದು ಲಿನಕ್ಸಿನ ಕರ್ನಲ್ ಲಾಗಿನಲ್ಲಿ, ಬಿಡಿಗಾಸು ಖರ್ಚಿಲ್ಲದೆ. ಫುಲ್ ಸ್ಪೀಡ್ ಚಿಪ್ಪನ್ನು ಅದು 'ಲೋ ಸ್ಪೀಡ್' ಎಂದು ತೋರಿಸುತ್ತಿತ್ತು. ಯುಎಸ್‌ಬಿಯ ಡೇಟಾ ಗೆರೆಗಳು ಎರಡು, ಡಿ ಪ್ಲಸ್ ಮತ್ತು ಡಿ ಮೈನಸ್. ಗೆರೆಯ ವೋಲ್ಟೇಜನ್ನು ಮೇಲಕ್ಕೆಳೆದು ಹಿಡಿಯುವ 1.5 ಕಿಲೋಓಮ್ ರೆಸಿಸ್ಟರ್ (ಪುಲ್‌ಅಪ್) ಡಿ ಪ್ಲಸ್ ಮೇಲಿದ್ದರೆ ಫುಲ್ ಸ್ಪೀಡ್, ಡಿ ಮೈನಸ್ ಮೇಲಿದ್ದರೆ ಲೋ ಸ್ಪೀಡ್. ಅಲ್ಲಿಗೆ ಎರಡು ಗೆರೆ ಅದಲುಬದಲಾಗಿವೆ ಎಂದಾಯಿತು. ಮಲ್ಟಿಮೀಟರಿನ ಬೀಪ್ ಅದನ್ನು ಖಚಿತಪಡಿಸಿತು. ಎರಡು ತೆಳು ತಂತಿ ಅಡ್ಡ ಹಾಕಿ ಬೆಸುಗೆ ಹಾಕಿದೆ, ಬೋರ್ಡು ಎದ್ದು ಕೂತಿತು.

'ಕುಂಯ್' ಸದ್ದು ಮಾತ್ರ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಮಲ್ಟಿಮೀಟರ್ ಪ್ರಕಾರ 5 ವೋಲ್ಟ್ ಸರಿ, 3.3 ವೋಲ್ಟ್ ಸರಿ. ಲಾಜಿಕ್ ಅನಲೈಜರಿಗೆ ಇಂಥ ಸದ್ದು ಇದೆ ಅನ್ನುವುದೇ ಗೊತ್ತಾಗದು, ಅದು ನೋಡುವುದು ಮೇಲೋ ಕೆಳಗೋ ಅಷ್ಟೇ. ಆಗ ಎರಡು ಚಾನೆಲ್ಲಿನ, 100 ಮೆಗಾಹರ್ಟ್ಸಿನ ಸೆಕೆಂಡ್ ಹ್ಯಾಂಡ್ ಸ್ಕೋಪ್ ಕೊಂಡೆ. ಹೆಡ್‌ಫೋನ್ ಔಟ್‌ಪುಟ್ಟಿಗೆ ಹಚ್ಚಿ, ಸಿಗ್ನಲ್ಲಿನಲ್ಲಿ ಯಾವ ಯಾವ ಆವರ್ತನಗಳಿವೆ ಎಂದು ಬಿಡಿಸಿ ತೋರಿಸುವ ಎಫ್‌ಎಫ್‌ಟಿ ಹಾಕಿದೆ. 1, 2, 3 ಕಿಲೋಹರ್ಟ್ಸ್‌ಗಳಲ್ಲಿ ಸೂಜಿಯಂಥ ಗೆರೆಗಳು. ಫುಲ್ ಸ್ಪೀಡ್ ಯುಎಸ್‌ಬಿಯಲ್ಲಿ ಪ್ರತಿ 1 ಮಿಲಿಸೆಕೆಂಡಿಗೊಂದು ಫ್ರೇಮ್ ಬರುತ್ತದೆ, ಆಡಿಯೋ ಡೇಟಾ ಬರುವುದೂ ಅದೇ ಲಯದಲ್ಲಿ. ಚಿಪ್ಪು ಪ್ರತಿ ಫ್ರೇಮಿಗೂ ಒಂದು ಗುಟುಕು ಕರೆಂಟ್ ಎಳೆಯುತ್ತಿತ್ತು, ಆ ಗುಟುಕೇ ಕಿವಿಗೆ ಕೇಳುತ್ತಿತ್ತು.

ಆ ಸದ್ದು ಯಾವ ದಾರಿಯಲ್ಲಿ ಆಡಿಯೋಗೆ ನುಗ್ಗುತ್ತಿದೆ ಅಂತ ಹುಡುಕಲು ಹೋದಾಗ ಸ್ಕೋಪ್ ಕಾಟ ಕೊಟ್ಟದ್ದು. ಪ್ರೋಬಿನ (ಸ್ಕೋಪಿನ ಅಳತೆ ತಂತಿಯ) ಗ್ರೌಂಡ್ ಕ್ಲಿಪ್ಪನ್ನು ಚಿಪ್ಪಿನ ಗ್ರೌಂಡಿಗೆ, ಅಂದರೆ ಕರೆಂಟ್ ಹಿಂದಿರುಗುವ ಸೊನ್ನೆ ವೋಲ್ಟಿನ ಗೆರೆಗೆ, ಕಚ್ಚಿಸಿದೊಡನೆ ಸದ್ದು ಅರ್ಧಕ್ಕೆ ಇಳಿಯುತ್ತದೆ. ಬಿಚ್ಚಿದರೆ ವಾಪಸ್. ರೋಗ ನೋಡಲು ಹೋದರೆ ರೋಗವೇ ಅಡಗಿಕೊಳ್ಳುತ್ತದೆ! ಕ್ಲಿಪ್ ಬದಲಿಸಿದೆ, ಪ್ರೋಬ್ ಬದಲಿಸಿದೆ, ಕೆಪಾಸಿಟರ್‌ಗಳಿಗೆಲ್ಲ ಮತ್ತೆ ಬೆಸುಗೆ ಹಾಕಿದೆ. ಮೂರು ರಾತ್ರಿ ಹೀಗೇ ಹೋಯಿತು.

ನಾಲ್ಕನೇ ರಾತ್ರಿ ಲ್ಯಾಪ್‌ಟಾಪ್ ಚಾರ್ಜರಿನಿಂದ ಕಳಚಿ ಬ್ಯಾಟರಿಯಲ್ಲಿ ಓಡುತ್ತಿತ್ತು. ಈಗ ಕ್ಲಿಪ್ ಕಚ್ಚಿಸಿದರೂ ಸದ್ದಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಅಲ್ಲಿ ಹೊಳೆಯಿತು. ಸ್ಕೋಪಿನ ಕ್ಲಿಪ್ ಗೋಡೆಯ ಅರ್ಥ್‌ಗೆ ಸೇರಿದೆ, ನನ್ನ ಮೂರು ಪಿನ್ನಿನ ಚಾರ್ಜರೂ ಅದೇ ಅರ್ಥ್‌ಗೆ. ಚಾರ್ಜರ್ ಸಿಕ್ಕಿಸಿದ್ದಾಗ ಚಿಪ್ಪಿನ ಕರೆಂಟಿಗೆ ಹಿಂದಿರುಗಲು ಕ್ಲಿಪ್ಪಿನ ಮೂಲಕ ಇನ್ನೊಂದು ದಾರಿ ತೆರೆದುಕೊಳ್ಳುತ್ತಿತ್ತು. ದಾರಿ ಹೆಚ್ಚಾದಾಗ ಸದ್ದು ಇಳಿಯುತ್ತದೆಂದರೆ, ಬೋರ್ಡಿನ ಮೇಲಿನ ದಾರಿ ಕಿರಿದಾಗಿದೆ ಎಂದರ್ಥ. ನೋಡಿದರೆ ಹೌದು: ಚಿಪ್ಪಿನ ಗ್ರೌಂಡ್ 0.25 ಮಿಲಿಮೀಟರ್ ಅಗಲದ ಟ್ರೇಸಿನಲ್ಲಿ (ಬೋರ್ಡಿನ ಮೇಲಿನ ತಾಮ್ರದ ಗೆರೆಯಲ್ಲಿ) 60 ಮಿಲಿಮೀಟರ್ ಸಾಗಿ, ಜ್ಯಾಕಿನ ಗ್ರೌಂಡನ್ನು ದಾಟಿ ಆಮೇಲೆ ಕನೆಕ್ಟರಿಗೆ ಸೇರುತ್ತಿತ್ತು. 35 ಮೈಕ್ರಾನ್ ತಾಮ್ರದಲ್ಲಿ ಅದು ಸುಮಾರು 0.12 ಓಮ್. 10 ಮಿಲಿಆಂಪ್ ಏರಿಳಿತಕ್ಕೆ ಒಂದು ಮಿಲಿವೋಲ್ಟಿಗೂ ಮಿಕ್ಕ ವೋಲ್ಟೇಜ್, ಅದೂ ಹೆಡ್‌ಫೋನಿನ ಗ್ರೌಂಡಿನಲ್ಲೇ. ಮಲ್ಟಿಮೀಟರಿನ ವೈರುಗಳ ರೆಸಿಸ್ಟೆನ್ಸೇ ಇದಕ್ಕಿಂತ ಹೆಚ್ಚು, ಅದಕ್ಕೆ ಇದು ಕಾಣುವ ಮಾತೇ ಇರಲಿಲ್ಲ.

ಬ್ಯಾಟರಿಯಲ್ಲೇ ಓಡಿಸಿ, ಪ್ರೋಬನ್ನು ಸಿಗ್ನಲ್ಲನ್ನು ತಗ್ಗಿಸದೆ ತೋರಿಸುವ 1 ಎಕ್ಸ್‌ಗೆ ಇಳಿಸಿ, ಕ್ಲಿಪ್ ಚಿಪ್ಪಿಗೂ ತುದಿ ಜ್ಯಾಕಿನ ಗ್ರೌಂಡಿಗೂ ಹಚ್ಚಿದೆ. ಮಿಲಿಸೆಕೆಂಡಿಗೊಂದರಂತೆ ಗುಟುಕುಗಳು ಕಣ್ಣಿಗೆ ಕಂಡವು. ಆ ಟ್ರೇಸನ್ನು ಕತ್ತರಿಸಿ, ಚಿಪ್ಪಿನಿಂದ ಕನೆಕ್ಟರಿಗೆ ನೇರ ದಪ್ಪ ತಂತಿ ಹಾಕಿ, ಜ್ಯಾಕಿನ ಗ್ರೌಂಡನ್ನು ಬೇರೆ ತಂತಿಯಲ್ಲಿ ಚಿಪ್ಪಿನ ಬುಡಕ್ಕೇ ತಂದೆ. 'ಕುಂಯ್' ನಿಂತಿತು. ಆ ಮೌನವನ್ನು ತುಂಬಾ ಹೊತ್ತು ಕೇಳಿಸಿಕೊಂಡು ಕೂತಿದ್ದೆ.

ಕ್ರಿಸ್ಟಲ್ ನೋಡುವಾಗ ಮಾತ್ರ ಪ್ರೋಬ್ ಸಿಗ್ನಲ್ಲನ್ನು ಹತ್ತರಲ್ಲೊಂದಕ್ಕೆ ತಗ್ಗಿಸುವ 10 ಎಕ್ಸ್‌ನಲ್ಲಿರಲಿ. 1 ಎಕ್ಸ್‌ನ ಕೆಪಾಸಿಟೆನ್ಸ್ ಆಸಿಲೇಟರನ್ನೇ ನಿಲ್ಲಿಸಬಹುದು.

ಲಾಜಿಕ್ ಅನಲೈಜರನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಮೈಕ್ರೋಕಂಟ್ರೋಲರಿನಿಂದ ಡಿಎಸಿಗೆ (ಡಿಜಿಟಲ್ಲನ್ನು ಅನಲಾಗ್ ಮಾಡುವ ಚಿಪ್ಪಿಗೆ) ಐ ಸ್ಕ್ವೇರ್ ಎಸ್ ಎಂಬ ಡಿಜಿಟಲ್ ಆಡಿಯೋ ಸಿಗ್ನಲ್ ಹೋಗುವ ಬೋರ್ಡಾದರೆ ಅದು ಚಿನ್ನ. 48 ಕಿಲೋಹರ್ಟ್ಸ್ ಸ್ಟೀರಿಯೋಗೆ ಬಿಟ್ ಕ್ಲಾಕ್ ಸಾಮಾನ್ಯವಾಗಿ 3.072 ಮೆಗಾಹರ್ಟ್ಸ್, ಅಷ್ಟನ್ನು ಅಗ್ಗದ್ದೂ ಸಲೀಸಾಗಿ ಓದುತ್ತದೆ. ಎಡ ಬಲ ಚಾನೆಲ್ ಅದಲುಬದಲಾದದ್ದು, ಒಂದು ಬಿಟ್ ಜಾರಿದ್ದು ಕೂಡಲೇ ಸಿಗುತ್ತದೆ. ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ಪ್ರೋಗ್ರಾಂ) ಬರೆಯುವವರು ಅದನ್ನೇ ಮೊದಲು ಕೊಳ್ಳಲಿ.

ನಾನು ವರ್ಷಕ್ಕೆ ಎರಡೋ ಮೂರೋ ಬೋರ್ಡು ಮಾಡುವವನು, ಫರ್ಮ್‌ವೇರ್ ಇಲ್ಲದ ಸಿದ್ಧ ಚಿಪ್ಪುಗಳನ್ನೇ ಬಳಸುವವನು. ನನ್ನ ತಪ್ಪುಗಳು ಹೆಚ್ಚಾಗಿ ಗ್ರೌಂಡಿನಲ್ಲೋ ಪವರಿನಲ್ಲೋ ಇರುತ್ತವೆ. ಒಂದೇ ಉಪಕರಣಕ್ಕೆ ದುಡ್ಡಿದ್ದರೆ ಹಳೆಯದಾದರೂ ಸರಿ, ಸ್ಕೋಪನ್ನೇ ಕೊಳ್ಳುತ್ತೇನೆ. ಎರಡನೇ ಆವೃತ್ತಿಯ ಬೋರ್ಡಿನಲ್ಲಿ ಕೆಳಪದರ ಪೂರ್ತಿ ಗ್ರೌಂಡ್, ಚಿಪ್ಪಿನ ಪಕ್ಕದಲ್ಲೂ ಜ್ಯಾಕಿನ ಪಕ್ಕದಲ್ಲೂ ಪ್ರೋಬ್ ಸಿಕ್ಕಿಸಲು ಒಂದೊಂದು ಟೆಸ್ಟ್ ಪಾಯಿಂಟ್ ಇಟ್ಟಿದ್ದೇನೆ.