ಮಲೆಗೆ ಹೊರುವ ಒಲೆ: ಮೂರನ್ನು ಬಳಸಿ ನೋಡಿದ ಮೇಲೆ

ಚಾರಣದ ಒಲೆಗಳ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಹಿಮದ ನಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಗ್ಯಾಸ್ ಡಬ್ಬಿಯಲ್ಲಿ ತುಂಬುವ ಬ್ಯುಟೇನ್ ಶುದ್ಧವಾಗಿದ್ದರೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಆದ್ದರಿಂದ ಗ್ಯಾಸ್ ಒಲೆಯನ್ನು ನಂಬಬಾರದು ಎಂಬ ಮಾತು ಅಲ್ಲಿಗೆ ಸರಿ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಇರುವ ನಮ್ಮ ಕೊಡಗಿನಲ್ಲಿ ಡಿಸೆಂಬರ್ ರಾತ್ರಿಯೂ ಆ ಮಟ್ಟಕ್ಕೆ ಇಳಿಯುವುದಿಲ್ಲ. ಇಲ್ಲಿ ಒಲೆಯನ್ನು ಕೆಡಿಸುವುದು ಮಳೆಗಾಲದ ನಾಲ್ಕು ತಿಂಗಳು ಅಟ್ಟದ ಮೇಲಿಟ್ಟ ವಸ್ತುವನ್ನೂ ಬಿಡದ ತೇವ. ಬಾಳಿಕೆಯನ್ನು ನಾನು ಅಳೆದದ್ದು ಆ ಲೆಕ್ಕದಲ್ಲಿ.

ಕಾಡಿನೊಳಗೆ ಬೆಂಕಿ ಹಚ್ಚುವಂತಿಲ್ಲ, ಹಚ್ಚಲೂ ಬಾರದು. ಹೀಗಾಗಿ ಸೀಮೆಎಣ್ಣೆ, ಸ್ಪಿರಿಟ್, ಗ್ಯಾಸ್ ಎಂಬ ಮೂರು ಬಗೆಯ ಒಲೆಗಳನ್ನೂ ನಮ್ಮದೇ ಬಾಣೆಯಲ್ಲಿ (ಗದ್ದೆಗೆ ಸೇರಿದ ಮರ-ಹುಲ್ಲಿನ ಜಾಗದಲ್ಲಿ), ಏಲಕ್ಕಿ ಮಲೆಯ ಅಂಚಿನಲ್ಲಿ, ಹುಲ್ಲು ಕೆತ್ತಿ ನೆಲ ತೆರೆದು ಹಲವು ವರ್ಷ ಬಳಸಿದ್ದೇನೆ.

ಮೊದಲನೆಯದು ಅಜ್ಜನ ಕಾಲದ ಹಿತ್ತಾಳೆಯ ಸೀಮೆಎಣ್ಣೆ ಪಂಪ್ ಸ್ಟೌ. ಬರ್ನರ್ ಕೆಳಗಿನ ಬಟ್ಟಲಿಗೆ ಸ್ವಲ್ಪ ಸ್ಪಿರಿಟ್ ಸುರಿದು, ಹಚ್ಚಿ, ಬರ್ನರನ್ನು ಕಾಯಿಸಬೇಕು. ಅವಸರಪಟ್ಟರೆ ಎಣ್ಣೆ ಆವಿಯಾಗದೆ ಹಳದಿ ಜ್ವಾಲೆ ಮೇಲೆದ್ದು ಪಾತ್ರೆಯೆಲ್ಲ ಮಸಿಯಾಗುತ್ತದೆ. ಸರಿಯಾಗಿ ಕಾದ ಮೇಲೆ ನಾಲ್ಕಾರು ಪಂಪ್ ಹೊಡೆದರೆ ನೀಲಿ ಉರಿ ಭೋರೆಂದು ಏಳುತ್ತದೆ, ಗಾಳಿಗೆ ಜಗ್ಗುವುದಿಲ್ಲ. ಒಮ್ಮೆ ಮಳೆಗಾಲ ಕಳೆದು ತೆಗೆದಾಗ ಪಂಪ್ ಹಿಡಿಕೆ ಒತ್ತಿದಷ್ಟೂ ಸಲೀಸಾಗಿ ಒಳಗೆ ಹೋಗುತ್ತಿತ್ತು, ಗಾಳಿ ಮಾತ್ರ ತುಂಬುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಚರ್ಮದ ವಾಷರ್ ಒಣಗಿ ಹಪ್ಪಳದಂತೆ ಗಟ್ಟಿಯಾಗಿ ಮುದುಡಿತ್ತು. ರಾತ್ರಿಯೆಲ್ಲ ತೆಂಗಿನೆಣ್ಣೆಯಲ್ಲಿ ನೆನೆಸಿ, ಅಂಚನ್ನು ಬೆರಳಿನಿಂದ ಬಟ್ಟಲಿನಂತೆ ಬಿಡಿಸಿ ಕೂರಿಸಿದೆ. ಎಣ್ಣೆಯ ಆವಿ ಹೊರಬರುವ ಸಣ್ಣ ತೂತಿಗೆ, ಅಂದರೆ ನಿಪ್ಪಲ್‌ಗೆ, ಪಿನ್ ಹಾಕಿ ಬಿಡಿಸಿದೆ. ಮರುದಿನ ಎಂಟು ಮಂದಿಗೆ ಗಂಜಿ ಬೆಂದಿತು. ಮನೆಯಲ್ಲಿರುವ ವಸ್ತುಗಳಿಂದಲೇ ಜೀವ ಬರುವ ಇಂತಹ ಒಲೆಗೆ ನನ್ನ ಗೌರವ ದೊಡ್ಡದು. ಆದರೆ ಅದರ ಭಾರ, ಎಣ್ಣೆಯ ವಾಸನೆ ಮತ್ತು ಈಗ ಸೀಮೆಎಣ್ಣೆ ಸುಲಭವಾಗಿ ಸಿಗದಿರುವುದು ಅದನ್ನು ಒಬ್ಬನ ಬೆನ್ನುಚೀಲದಿಂದ ಹೊರಗಿಡುತ್ತವೆ.

ಎರಡನೆಯದು ಸ್ಪಿರಿಟ್ ಒಲೆ. ಅದರಲ್ಲಿ ಕೆಡುವ ಭಾಗವೇ ಇಲ್ಲ. ಬಾಳಿಕೆಯೊಂದೇ ಮಾನದಂಡವಾದರೆ ಅದೇ ಗೆಲ್ಲುತ್ತದೆ. ಆದರೂ ನಾನು ಅದನ್ನು ಬಿಟ್ಟೆ. ಒಂದೇ ತೂಕದ ಬ್ಯುಟೇನ್ ಕೊಡುವ ಶಾಖದ ನೂರರಲ್ಲಿ ಸುಮಾರು ಅರವತ್ತು ಭಾಗವನ್ನಷ್ಟೇ ಸ್ಪಿರಿಟ್‌ನಲ್ಲಿರುವ ಎಥೆನಾಲ್ ಕೊಡುತ್ತದೆ, ಗಾಳಿ ಬೀಸಿದರೆ ಅದೂ ದಕ್ಕುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಾಣುವುದೇ ಇಲ್ಲ. ಆರಿದೆಯೆಂದು ತಿಳಿದು ನಾನು ಮತ್ತೆ ಸ್ಪಿರಿಟ್ ಸುರಿಯಲು ಬಾಟಲಿ ಎತ್ತಿದಾಗ ಕೈಗೆ ಬಿಸಿ ತಾಗಿ ಎಚ್ಚೆತ್ತೆ. ಫೆಬ್ರವರಿಯ ಒಣಹುಲ್ಲಿನ ನಡುವೆ ಅಂತಹ ತಪ್ಪು ಆದರೆ ಸುಡುವುದು ಕೈ ಮಾತ್ರವಲ್ಲ.

ಉಳಿದದ್ದು ಡಬ್ಬಿಯ ಮೇಲೆ ತಿರುಗಿಸಿ ಕೂರಿಸುವ ಪುಟ್ಟ ಗ್ಯಾಸ್ ಒಲೆ, ಒಬ್ಬಿಬ್ಬರ ಎರಡು ರಾತ್ರಿಯ ನಡಿಗೆಗೆ ನನ್ನ ಆಯ್ಕೆ. ಮೊದಲು ಕೊಂಡದ್ದರಲ್ಲಿ ಒತ್ತಿದರೆ ಕಿಡಿ ಬರುವ ಗುಂಡಿಯಿತ್ತು. ಎರಡನೆಯ ಮಳೆಗಾಲಕ್ಕೆ ಅದು ಸತ್ತಿತು, ಕಡ್ಡಿ ಗೀರಿದರೆ ಮಾತ್ರ ಒಲೆ ಹತ್ತುತ್ತಿತ್ತು. ಹಾಗಾಗಿ ಈಗಿನದು ಗುಂಡಿಯಿಲ್ಲದ್ದು. ಪಾತ್ರೆ ಹೊರುವ ಕಾಲುಗಳು ತೆಳು ತಗಡಿನವೋ ದಪ್ಪ ಉಕ್ಕಿನವೋ ಎಂಬುದನ್ನು ಅಂಗಡಿಯಲ್ಲೇ ಬೆರಳಿನಿಂದ ಬಾಗಿಸಿ ನೋಡಬೇಕು. ಎರಡು ಲೀಟರ್ ನೀರಿನ ಪಾತ್ರೆ ಇಟ್ಟಾಗ ನನ್ನ ಹಳೆಯದರ ಒಂದು ಕಾಲು ವಾಲಿ ಬೆಲ್ಲದ ಕಾಫಿಯೆಲ್ಲ ನೆಲದ ಪಾಲಾಯಿತು. ಗಾಳಿಗೆ ತಗಡಿನ ಮರೆ ಕಟ್ಟುವಾಗಲೂ ಡಬ್ಬಿಯನ್ನು ಸುತ್ತಲೂ ಮುಚ್ಚಬಾರದು, ಅದು ಕಾದರೆ ಸಿಡಿಯುವ ಅಪಾಯವಿದೆ.

ಇದರ ದುರ್ಬಲ ಜಾಗ ಡಬ್ಬಿಗೆ ಕೂಡುವ ಕಡೆ ಇರುವ ರಬ್ಬರ್ ಉಂಗುರ. ಪ್ರತಿ ಅಕ್ಟೋಬರ್‌ನಲ್ಲಿ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತೇನೆ, ಬಿಟ್ಟಿದ್ದರೆ ಹೊಸದನ್ನು ಹಾಕುತ್ತೇನೆ. ಆಮೇಲೆ ಅಂಗಳದಲ್ಲಿ ಡಬ್ಬಿಗೆ ಜೋಡಿಸಿ, ಬೆಂಕಿ ಹತ್ತಿರ ತರದೆ ಸಂದಿಗೆ ಸಾಬೂನು ನೀರು ಹಚ್ಚುತ್ತೇನೆ. ಗುಳ್ಳೆ ಏಳದಿದ್ದರೆ ಒಲೆ ಚೀಲ ಸೇರುತ್ತದೆ.